ಗಂಡ ದುಡಿಯುವುದು, ಹೆಂಡತಿ ಮನೆ ನೋಡಿಕೊಳ್ಳುವುದು ಸಹಜ ಎಂದು ಓದಿದೆ, ಸಮಾಜಶಾಸ್ತ್ರವೇ ಹೀಗೆ ಹೇಳುತ್ತದೆಯೇ ಎಂದು ಕೇಳಿದ್ದೀರಿ.

ಇಲ್ಲ. ನೀವು ಓದಿರುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ಅವರ ಪ್ರಕಾರ್ಯವಾದಿ ನಿಲುವು, ಅಂದರೆ ಸಮಾಜದ ಪ್ರತಿಯೊಂದು ಅಂಗವೂ ಇಡೀ ಸಮಾಜ ನಡೆಯಲು ಒಂದೊಂದು ಕೆಲಸ ಮಾಡುತ್ತದೆ ಎಂದು ನೋಡುವ ನಿಲುವು. ಅದನ್ನು ಇಡೀ ಶಾಸ್ತ್ರದ ತೀರ್ಪು ಎಂದು ತಿಳಿದುಕೊಂಡವರನ್ನು ಪಾಠ ಮಾಡುವಾಗ ಆಗಾಗ ನೋಡುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1955ರಲ್ಲಿ ಪಾರ್ಸನ್ಸ್ ಮತ್ತು ಅವರ ಸಹಲೇಖಕ ರಾಬರ್ಟ್ ಬೇಲ್ಸ್ ಮಂಡಿಸಿದ ವಾದದ ಪ್ರಕಾರ ಆಧುನಿಕ ಕುಟುಂಬಕ್ಕೆ ಉಳಿದಿರುವ ಮುಖ್ಯ ಹೊಣೆಗಳು ಎರಡು: ಮಕ್ಕಳ ಸಾಮಾಜೀಕರಣ (ಸಮಾಜದ ರೀತಿನೀತಿಗಳನ್ನು ಕಲಿಸುವುದು), ದೊಡ್ಡವರ ಮನಸ್ಸಿನ ಸ್ಥಿರತೆ. ಇದು ಸುಗಮವಾಗಿ ನಡೆಯಲು ಗಂಡನಿಗೆ ಹೊರಗಿನ ದುಡಿಮೆ, ಹೆಂಡತಿಗೆ ಭಾವನೆಗಳ ಆರೈಕೆ. ಆಗ ಅವರ ಕಣ್ಣೆದುರಿಗಿದ್ದದ್ದು ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಮಧ್ಯಮ ವರ್ಗ. ಒಂದು ಕಾಲದ, ಒಂದು ವರ್ಗದ ಏರ್ಪಾಡು ಕುಟುಂಬದ ಸ್ವರೂಪವೇ ಆಗಿಬಿಟ್ಟಿತು. ಈ ಸುಗಮತೆಯ ಬೆಲೆಯನ್ನು ತೆರುತ್ತಿರುವವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ಕಾರ್ಲ್ ಮಾರ್ಕ್ಸ್ ಅವರ ಸಹಚಿಂತಕ ಎಂಗೆಲ್ಸ್ 1884ರಲ್ಲೇ ಹೆಣ್ಣಿನ ಅಧೀನತೆಗೂ ಖಾಸಗಿ ಆಸ್ತಿಗೂ ನಂಟು ಕಟ್ಟಿದ್ದರು. ಆದರೆ ಅಡುಗೆಮನೆಯೊಳಗಿನ ಶ್ರಮವನ್ನು ಅವರೂ ಹತ್ತಿರದಿಂದ ನೋಡಲಿಲ್ಲ.

ಹತ್ತಿರದಿಂದ ನೋಡಿದವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆ್ಯನ್ ಓಕ್ಲಿ. ಲಂಡನ್ನಿನ 40 ಗೃಹಿಣಿಯರನ್ನು ಮಾತನಾಡಿಸಿ, ಕಾರ್ಖಾನೆಯ ಕೆಲಸವನ್ನು ಅಳೆಯುವ ಮಾನದಂಡಗಳಿಂದಲೇ, ಅಂದರೆ ಏಕತಾನತೆ, ಅವಸರ, ಚೂರುಚೂರಾದ ಕೆಲಸ ಇವುಗಳಿಂದಲೇ, ಮನೆಗೆಲಸವನ್ನೂ ಅಳೆದರು. ವಾರಕ್ಕೆ ಸರಾಸರಿ 77 ಗಂಟೆಗಳ ದುಡಿಮೆ ಲೆಕ್ಕಕ್ಕೆ ಸಿಕ್ಕಿತು. 1974ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ಇಂದಿಗೂ ಬಹಳ ಗೌರವದಿಂದ ಕಾಣುತ್ತೇನೆ. ಅದಕ್ಕೂ ಒಂದು ವರ್ಷ ಮೊದಲು ಬ್ರಿಟನ್ನಿನವರೇ ಆದ ಸಮಾಜಶಾಸ್ತ್ರಜ್ಞರು ಯಂಗ್ ಮತ್ತು ವಿಲ್ಮಾಟ್, ಗಂಡ ಹೆಂಡತಿ ಸಮಸಮವಾಗಿ ಬಾಳುವ ಕುಟುಂಬ ಬರುತ್ತಿದೆ ಎಂದು ಬರೆದಿದ್ದರು. ಅವರ ಎಣಿಕೆಯನ್ನು ಓಕ್ಲಿ ಕೆದಕಿ ನೋಡಿದರೆ, ವಾರಕ್ಕೊಮ್ಮೆ ಯಾವುದೋ ಒಂದು ಕೆಲಸಕ್ಕೆ ಕೈಜೋಡಿಸಿದ ಗಂಡನೂ ನೆರವಾಗುವವರ ಪಟ್ಟಿಯಲ್ಲಿದ್ದ!

ಗಂಟೆಗಳ ಲೆಕ್ಕಕ್ಕೂ ಸಿಗದ ಶ್ರಮ ಇನ್ನೊಂದಿದೆ. ಮಗುವಿನ ಬೂಟು ಬಿಗಿಯಾಗುತ್ತಿದೆ ಎಂದು ಮೊದಲು ಗಮನಿಸುವವರು ಯಾರು? ಯಾವ ಅಳತೆ, ಎಲ್ಲಿ ಸಿಗುತ್ತದೆ ಎಂದು ಹುಡುಕುವವರು ಯಾರು? ತಂದ ಮೇಲೆ ಕಾಲು ಉಜ್ಜುತ್ತಿಲ್ಲವಲ್ಲ ಎಂದು ಮರುದಿನ ಕೇಳುವವರು ಯಾರು? ಅಮೆರಿಕದ ಸಮಾಜಶಾಸ್ತ್ರಜ್ಞೆ ಆ್ಯಲಿಸನ್ ಡ್ಯಾಮಿಂಜರ್ 2019ರಲ್ಲಿ ಈ ಮಾನಸಿಕ ಕೆಲಸವನ್ನು ಮುಂದಾಲೋಚನೆ, ಆಯ್ಕೆಗಳ ಹುಡುಕಾಟ, ನಿರ್ಧಾರ, ನಿಗಾ ಎಂದು ಬಿಡಿಸಿ ತೋರಿಸಿದರು. ಅವರು ಕಂಡ ದಂಪತಿಗಳಲ್ಲಿ ನಿರ್ಧಾರ ಬಹುಮಟ್ಟಿಗೆ ಇಬ್ಬರದಾಗಿತ್ತು. ಮುಂದಾಲೋಚನೆ ಮತ್ತು ನಿಗಾ ಹೆಚ್ಚಾಗಿ ಹೆಂಡತಿಯದು. 'ಎಲ್ಲವನ್ನೂ ಇಬ್ಬರೂ ಸೇರಿಯೇ ತೀರ್ಮಾನಿಸುತ್ತೇವೆ' ಎನ್ನುವ ಮನೆಯಲ್ಲೂ ಒಬ್ಬರೇ ದಣಿಯುವುದು ಹೀಗೆ.

ಹೆಂಡತಿಯೂ ಸಂಬಳ ತರತೊಡಗಿದರೆ ಇದು ತಾನಾಗಿ ಸರಿಹೋಗುವುದಿಲ್ಲವೇ ಎಂದೂ ಕೇಳಿದ್ದೀರಿ. ಸಂಬಳ ಬಂದರೂ ಮನೆಯ ಪಾಳಿ ತಪ್ಪುವುದಿಲ್ಲ ಎಂಬುದನ್ನು ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲೇ ತೋರಿಸಿದ್ದಾರೆ. ಕಾರಣ ಬೇಕಿದ್ದರೆ ಸಮಾಜಶಾಸ್ತ್ರಜ್ಞರಾದ ವೆಸ್ಟ್ ಮತ್ತು ಝಿಮ್ಮರ್‌ಮನ್ 1987ರಲ್ಲಿ ಬರೆದದ್ದನ್ನು ಓದಿ. ಲಿಂಗತ್ವ, ಅಂದರೆ ಹೆಣ್ತನ ಗಂಡಸ್ತನ, ನಮ್ಮೊಳಗೆ ಕುಳಿತಿರುವ ಗುಣವಲ್ಲ, ನೋಡುವವರು ಒಪ್ಪುವ ಹಾಗೆ ದಿನವೂ ಮಾಡಿ ತೋರಿಸುವಂಥದ್ದು ಎಂಬುದು ಅವರ ವಾದ. ಮನೆ ಕೊಳಕಾಗಿದ್ದರೆ ಬಂದ ನೆಂಟರು ಮನಸ್ಸಿನಲ್ಲಿ ಯಾರನ್ನು ದೂರುತ್ತಾರೆ ಎಂದು ಯೋಚಿಸಿ. ಸಂಬಳದ ಚೀಟಿ ಎಷ್ಟೇ ದೊಡ್ಡದಿದ್ದರೂ ಆ ದೂರು ಬರುವುದು ಅವಳ ಮೇಲೆಯೇ.