ಕಲಾ ಪ್ರಶ್ನೋತ್ತರ: ‘ಇದೆಲ್ಲ ಏಕೆ ಅಂಟಿಸಿದ್ದು?’

ಪ್ರಶ್ನೆ: ನಾನು ಕಲಾಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆ, ತೋಟದ ಕೆಲಸ ಮುಗಿದ ಮೇಲೆ ಪ್ಲೈವುಡ್ ತುಂಡುಗಳಿಗೆ ಅಡಿಕೆ ಹಾಳೆ, ಹಳೆಯ ಸೀರೆಯ ಚೂರು, ಲೆಕ್ಕದ ಪುಸ್ತಕದ ಪುಟಗಳನ್ನು ಅಂಟಿಸಿ, ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಮಾಡುತ್ತೇನೆ. ನೋಡಿದವರು ‘ಚೆನ್ನಾಗಿದೆ, ಆದರೆ ಇದೆಲ್ಲ ಏಕೆ ಅಂಟಿಸಿದ್ದು?’ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಮಳೆಗಾಲದಲ್ಲಿ ಹಾಳೆ ಎದ್ದು ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಮುಂದುವರಿಯುವ ದಾರಿ ತಿಳಿಸಿ.
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೋಡಿದವರ ಪ್ರಶ್ನೆಯನ್ನು ಕೊಂಕೆಂದು ತಿಳಿಯಬೇಡಿ. ಮಿಶ್ರ ಮಾಧ್ಯಮದಲ್ಲಿ, ಅಂದರೆ ಬಣ್ಣದೊಡನೆ ಬೇರೆ ವಸ್ತುಗಳನ್ನೂ ಕೂಡಿಸಿ, ಕೆಲಸ ಮಾಡುವವರು ಒಂದೊಂದು ವಸ್ತುವನ್ನು ಕೈಗೆತ್ತಿಕೊಳ್ಳುವಾಗಲೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು ಅದನ್ನೇ. 1912ರಲ್ಲಿ ಪಿಕಾಸೊ, ಬೆತ್ತದ ಹೆಣಿಗೆಯ ವಿನ್ಯಾಸ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡನ್ನು ಅಂಡಾಕಾರದ ಕ್ಯಾನ್ವಾಸಿಗೆ ಅಂಟಿಸಿ ಸುತ್ತಲೂ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ್ದು ಕುರ್ಚಿಯ ಹೆಣಿಗೆಯನ್ನು ಕುಂಚದಲ್ಲಿ ಬರೆಯಲು ಬಾರದೆ ಅಲ್ಲ. ಅಚ್ಚಿನ ಸುಳ್ಳು ಹೆಣಿಗೆಯೂ ನಿಜವಾದ ಹಗ್ಗವೂ ಎದುರುಬದುರಾಗಿ ನಿಲ್ಲುವುದರಲ್ಲೇ ಆ ಕೃತಿಯ ಸ್ವಾರಸ್ಯವಿದೆ. ನಿಮ್ಮ ಅಡಿಕೆ ಹಾಳೆಯೂ ಬಣ್ಣದಿಂದಾಗದ ಏನಾದರೊಂದು ಕೆಲಸವನ್ನು ಮಾಡುತ್ತಿರಬೇಕು. ಬರಿದೆ ಮಲೆನಾಡಿನ ಗುರುತಿಗೆಂದು ಅಂಟಿಸಿದ್ದರೆ ಕಿತ್ತುಬಿಡಿ; ಅಂಥ ಅಲಂಕಾರ ಈಚೆಗೆ ಅತಿಯಾಗಿದೆ ಎಂಬುದು ನನ್ನ ಹಳೆಯ ತಕರಾರು.

ವಸ್ತುವಿನ ಗುಣ ಕಲಿಯಲು ನೀವು ದೂರ ಹೋಗಬೇಕಿಲ್ಲ. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಆ ಎಳೆಗಳ ನವಿರಿಗೆ ಕೈಯ ಹಿಡಿತದಷ್ಟೇ ಪುಂಡಿ ನಾರಿನ ಕುಂಚವೂ ಕಾರಣ. ಹೆಗ್ಗೋಡಿನ ‘ಚರಕ’ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಗಂದು ನೀರಿನಿಂದ, ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಅಡಿಕೆ ಬೇಯಿಸುವ ಮನೆಯಲ್ಲಿ ಚೊಗರಿಗೆ ಕೊರತೆಯಿರದ ಕಾರಣ ನೀವೂ ಒಂದು ಪ್ರಯೋಗ ಮಾಡಬಹುದು. ತೆಳುವಾದ ಚೊಗರನ್ನು ದಪ್ಪ ಕಾಗದಕ್ಕೆ ಬಳಿದು ಒಣಗಿಸಿ, ತುಕ್ಕು ಹಿಡಿದ ಮೊಳೆಗಳನ್ನು ಕೆಲವು ದಿನ ನೆನೆಸಿಟ್ಟ ವಿನಿಗರ್‌ನಲ್ಲಿ ಕುಂಚ ಅದ್ದಿ ಅದರ ಮೇಲೆ ಗೆರೆ ಎಳೆಯಿರಿ. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಕೂಡಿ, ಕೆಂಗಂದು ಬಣ್ಣದ ನಡುವೆ ಗೆರೆ ಕಪ್ಪಗಾಗುತ್ತದೆ, ಅಂಚಿನಲ್ಲಿ ತುಸು ಹರಡಿಕೊಳ್ಳುತ್ತದೆ. (ಕಬ್ಬಿಣ ಅತಿಯಾದರೆ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ, ಹದವಿರಲಿ.) ಇಂಥ ಗೆರೆಯನ್ನು ಬಳಸಿದ ಚಿತ್ರದ ಮುಂದೆ ನಿಂತು ಯಾರಾದರೂ ‘ಚೊಗರೇ ಏಕೆ?’ ಎಂದರೆ ನೀವು ತಡವರಿಸಬೇಕಾಗುವುದಿಲ್ಲ.

ಇನ್ನು ಮಳೆಗಾಲ. ಅಡಿಕೆ ಹಾಳೆ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಸುರುಳಿಯಾಗುತ್ತದೆ. ಪ್ಲೈವುಡ್ ಅಷ್ಟು ಅಲುಗುವುದಿಲ್ಲ. ಎರಡರ ನಡುವೆ ಸಿಕ್ಕಿದ ಅಂಟು ಬಿಡುವುದು ಹೀಗೆ. ಆದ್ದರಿಂದ ಅಂಟಿಸುವ ಬದಲು ಸಣ್ಣ ತೂತುಗಳನ್ನು ಕೊರೆದು ದಾರದಿಂದ ತುಸು ಸಡಿಲವಾಗಿ ಹೊಲಿಯಿರಿ, ಆ ಹೊಲಿಗೆಯನ್ನು ಚಿತ್ರದ ಗೆರೆಯಾಗಿಯೇ ಎಣಿಸಿಕೊಳ್ಳಿ. ಪುಟಗಳಿಗೆ ಮೈದಾ ಅಂಟು ಬಳಸುವುದಾದರೆ, ಪುಸ್ತಕ ಕಟ್ಟುವವರು ಮಾಡುವಂತೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸೇರಿಸಿದರೆ ಬೂಷ್ಟೂ ಹುಳವೂ ದೂರ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಆದರೆ ವಿಷವಾದ್ದರಿಂದ ಅಡುಗೆ ಪಾತ್ರೆಯಲ್ಲಿ ಕಲಸಬೇಡಿ. ಪ್ಲೈವುಡ್ಡಿನ ಹಿಂಬದಿಗೂ ಅಂಚುಗಳಿಗೂ ವಾರ್ನಿಷ್ ಬಳಿಯಿರಿ, ಚಿತ್ರವನ್ನು ಗೋಡೆಗೆ ತಾಗದಂತೆ ತೂಗುಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಟಿನ ಕೆಲಸಕ್ಕೆ ಬಿಡುವು ಕೊಟ್ಟು ಪೆನ್ಸಿಲ್ ಹಿಡಿಯಿರಿ. ಕಲಾಶಾಲೆಗೆ ಹೋಗದವರಲ್ಲಿ ಕಾಣುವ ಕೊರತೆ ಹೆಚ್ಚಾಗಿ ರೇಖೆಯದೇ, ಅದನ್ನು ಮನೆಯಲ್ಲೇ ತುಂಬಿಕೊಳ್ಳಬಹುದು.

ಪ್ರಶ್ನೆ: ಪಿಯುಸಿ ಮುಗಿಸಿದ ಮಗ ಇಂಥದೇ ಕಲೆಯನ್ನು ಓದಬೇಕೆನ್ನುತ್ತಾನೆ. ಎಲ್ಲಿಗೆ ಸೇರಿಸಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದೃಶ್ಯಕಲಾ ಪದವಿ, ಅಂದರೆ ಬಿವಿಎ, ನಾಲ್ಕು ವರ್ಷದ್ದು. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಮತ್ತು ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎರಡನ್ನೂ ವಿಚಾರಿಸಿ. ಪರಿಷತ್ತಿನವರು ಪ್ರತಿವರ್ಷ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಮೊದಲು ಮಗನನ್ನು ಕರೆದೊಯ್ಯಿರಿ. ಯಾವ ಬಗೆಯ ಕೃತಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದನ್ನು ನೀವೂ ಒಂದಿಷ್ಟು ವಿಚಾರಿಸಿಕೊಂಡು ಬನ್ನಿ.