ರೈಲು ಇಂಜಿನ್ನೋರು ಮಾಡಿದ ಸ್ಪೋರ್ಟ್ಸ್ ಕಾರು

ಪ್ರಶ್ನೆ: ಸಾರ್, ಮೈಸೂರಲ್ಲಿ ನಮ್ ಭಾವನ ಫ್ರೆಂಡ್ ಶೆಡ್ಡಲ್ಲಿ ಎರಡೇ ಸೀಟಿನ, ಮೇಲೆ ಟಾಪ್ ತೆಗೆಯೋ ಕಾರು ನಿಂತಿದೆ, ಸ್ಯಾನ್ ಸ್ಟಾರ್ಮ್ ಅಂತೆ. ನಮ್ ಬೆಂಗಳೂರಿನೋರೇ ಮಾಡಿದ್ದು ಅಂತಾರೆ, ನಿಜಾನಾ? ಯಾಕೆ ನಡೀಲಿಲ್ಲ? ಕೊಡ್ತೀನಿ ಅಂತಿದಾರೆ, ತಗೋಬೋದಾ?
– ಒಬ್ಬ ಓದುಗ, ಮದ್ದೂರು

ಉತ್ತರ: ನಿಜಾನೇ. ಬೆಂಗಳೂರಿನ ಸ್ಯಾನ್ ಇಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ ಗೊತ್ತಲ್ಲ, ಯಾರ್ಡಲ್ಲಿ ಬೋಗಿ ಎಳೆಯೋ ಶಂಟಿಂಗ್ ಇಂಜಿನ್ ಮಾಡೋರು, ಅವರ ಕಡೆಯ ಸ್ಯಾನ್ ಮೋಟರ್ಸ್ 1998ರಲ್ಲಿ ಈ ಕಾರು ತಂದ್ರು. ಡಿಸೈನು ಫ್ರಾನ್ಸಿನ ಲೆ ಮಾನ್ಸ್ ಗ್ರೂಪಿಂದು, ಇಂಜಿನ್ನು ರೆನೋದು, 1149 ಸಿಸಿ, ಸುಮಾರು 60 ಹಾರ್ಸ್ ಪವರ್. ಅದೇ ವರ್ಷ ಬಂದ ಸ್ಯಾಂಟ್ರೋದು 55. ಅಂದ್ರೆ ನೋಡೋಕೆ ಸ್ಪೋರ್ಟ್ಸ್ ಕಾರು, ಓಡೋದು ಮನೆ ಕಾರಿಗಿಂತ ಸ್ವಲ್ಪ ಚುರುಕು ಅಷ್ಟೇ, ಆದ್ರೂ ಆ ಕಾಲಕ್ಕೆ ಅಂಥದ್ದಕ್ಕೆ ಕೈ ಹಾಕಿದ್ರಲ್ಲ, ಆ ಧೈರ್ಯ ಮೆಚ್ಚಬೇಕು ಬಿಡಿ.

ಬಾಡಿ ಪೂರ್ತಿ ಫೈಬರ್. ಯಾಕೆ ಅಂದ್ರೆ ತಗಡಿನ ಬಾಡಿ ಒತ್ತೋಕೆ ದೊಡ್ಡ ಪ್ರೆಸ್ಸು, ಡೈ ಅಂದ್ರೆ ಉಕ್ಕಿನ ಅಚ್ಚು ಬೇಕು, ಕೋಟಿಗಟ್ಲೆ ದುಡ್ಡು, ಸಾವಿರಾರು ಕಾರು ಹೋಗದಿದ್ರೆ ಗಿಟ್ಟಲ್ಲ. ಫೈಬರ್ ಆದ್ರೆ ಮೋಲ್ಡಿಗೆ ಜೆಲ್ ಕೋಟ್ (ಮೇಲ್ಗಡೆ ಕಾಣೋ ನುಣುಪು ಪದರ) ಬಳಿದು, ಗ್ಲಾಸ್ ಮ್ಯಾಟ್ (ಗಾಜಿನ ನೂಲಿನ ಹಾಸು) ಹಾಸಿ, ರೆಸಿನ್ ಅನ್ನೋ ಅಂಟಿಗೆ ಗಟ್ಟಿಯಾಗೋಕೆ ಹಾರ್ಡ್ನರ್ ಕಲಸಿ ಹಚ್ಚಿ, ಗಾಳಿ ಗುಳ್ಳೆ ನಿಲ್ಲದಂಗೆ ರೋಲರ್ ಹೊಡೆದು ಒಣಗಿಸಿದ್ರೆ ಆಯ್ತು. ಬಂಡವಾಳ ಕಮ್ಮಿ, ಆದ್ರೆ ಕೈಕೆಲಸ ಜಾಸ್ತಿ, ಹಾಗಾಗಿ ಎಷ್ಟು ಮಾಡಿದ್ರೂ ಸ್ಯಾಂಟ್ರೋ ರೇಟಿಗೆ ಇಳಿಯಲ್ಲ.

ನಡೀದೆ ಇದ್ದಿದ್ದಕ್ಕೆ ನಂಗನ್ಸೋ ಕಾರಣ ಇದು: ನಮ್ ಕಡೆ ಕಾರು ಅಂದ್ರೆ ಅಪ್ಪ ಅಮ್ಮ ಮಕ್ಳು, ಜೊತೆಗೆ ಊರಿಂದ ಒಂದು ಅಕ್ಕಿ ಮೂಟೆ. ಎರಡು ಸೀಟಲ್ಲಿ ಯಾರನ್ನ ಕೂರಿಸ್ತೀರ? ಅದರ ಮೇಲೆ ರೆನೋ ಆವಾಗ ಇಲ್ಲಿ ಕಾರೇ ಮಾರ್ತಿರ್ಲಿಲ್ಲ, ಇಂಜಿನ್ ಸಾಮಾನಿಗೆ ಎಲ್ಲಿ ಹೋಗೋದು? ನಮ್ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿನೂ 1996ಕ್ಕೇ ಮುಚ್ಚಿತು, ಆದ್ರೂ ಅಲ್ಲಿ ಮಾಡಿದ ಯೆಜ್ಡಿ ಬೈಕು ಇನ್ನೂ ಓಡ್ತಿವೆ, ಯಾಕಂದ್ರೆ ಲಕ್ಷಗಟ್ಲೆ ಗಾಡಿ ಆಚೆ ಬಂದಿತ್ತು, ಪಿಸ್ಟನ್ನು ಕ್ಲಚ್ ಪ್ಲೇಟು ಮಾಡೋರು ಮಾರೋರು ಉಳ್ಕೊಂಡ್ರು. ಸ್ಟಾರ್ಮಿಗೆ ಆ ಬಳಗಾನೇ ಹುಟ್ಲಿಲ್ಲ.

ಇನ್ನು ತಗೊಳೋ ವಿಚಾರ. ದಿನಾ ಓಡಿಸೋಕೆ ಬೇಡ, ಹವ್ಯಾಸಕ್ಕೆ ಆದ್ರೆ ನೋಡಬೋದು. ರೆನೋದ ಈ ಡಿ7ಎಫ್ ಇಂಜಿನ್ನೇ ಕ್ಲಿಯೋ, ಟ್ವಿಂಗೋಗೂ ಹಾಕಿದ್ರು, ಆ ಹೆಸರಲ್ಲಿ ಹುಡುಕಿದ್ರೆ ಹೊರದೇಶದಿಂದ ಪಾರ್ಟ್ಸ್ ತರಿಸಬೋದು, ಗ್ಲಾಸು ಲೈಟು ಹೋದ್ರೆ ಮಾತ್ರ ಕಷ್ಟ. ಫೈಬರಿಗೆ ತುಕ್ಕಿಲ್ಲ, ಅಡಿಗಡೆ ಕಬ್ಬಿಣಕ್ಕಿದೆ, ಜಾಕ್ ಹಾಕಿಸಿ ನೋಡಿ. ಏಟು ಬಿದ್ದಿದ್ರೆ ಟಿಂಕರಿಂಗ್ ಆಗಲ್ಲ, ಸೀಳು ಬಿಟ್ಟಿರುತ್ತೆ, ಒಳಗಡೆಯಿಂದ ಮತ್ತೆ ಮ್ಯಾಟ್ ಕಟ್ಬೇಕು. ಹದಿನೈದು ವರ್ಷ ದಾಟಿದ ಗಾಡಿ, ಎಫ್‌ಸಿ (ಗಾಡಿ ಓಡಿಸೋಕೆ ಸರಿಯಿದೆ ಅನ್ನೋ ಫಿಟ್ನೆಸ್ ಸರ್ಟಿಫಿಕೇಟ್) ಮಾಡ್ಸಿ ಆರ್‌ಸಿ ರಿನ್ಯೂ ಆಗಿದ್ಯಾ ಕೇಳಿ, ಚಾಸಿಸ್ ನಂಬರು ಆರ್‌ಸಿಗೆ ತಾಳೆ ಆಗೋವರೆಗೂ ಅಡ್ವಾನ್ಸ್ ಕೊಡ್ಬೇಡಿ, ಭಾವನ ಫ್ರೆಂಡೇ ಆದ್ರೂ.