ಜುವಾರಿಯಲ್ಲಿ ಗಾಳದ ಹತ್ತಿರ ಕ್ಯಾಮೆರಾ: ಹಸಿರು ಮಬ್ಬು ಯಾಕೆ?

ಗೋವಾದ ವಾಸ್ಕೋದಲ್ಲಿರುವ ನೀವು ಬರೆದ ಎರಡೂ ತೊಂದರೆ ಓದಿದೆ: ಮೀನು ನೋಡಲು ಜುವಾರಿ ನದಿಯಲ್ಲಿ ಬಿಟ್ಟ ಗೋಪ್ರೋ ಎಂಬ ಪುಟ್ಟ ಕ್ಯಾಮೆರಾದಲ್ಲಿ ಬರೀ ಹಸಿರು ಮಬ್ಬು, ಮುಳುಗಿದ ತಕ್ಷಣ ಫೋನಿನಲ್ಲಿ ಲೈವ್ ಬಂದ್. ಕ್ಯಾಮೆರಾ ಕೆಟ್ಟಿಲ್ಲ, ಹೆದರಬೇಡಿ.

ಲೈವ್ ವಿಷಯ ಬಿಟ್ಟುಬಿಡಿ. ವೈಫೈ ಅಲೆಗಳನ್ನು ಉಪ್ಪುನೀರು ನುಂಗಿಬಿಡುತ್ತದೆ. ಮೇಲೆಯೇ ರೆಕಾರ್ಡಿಂಗ್ ಶುರು ಮಾಡಿ ಇಳಿಸಿ, ಆಮೇಲೆ ನೋಡಿ.

ಮಬ್ಬಿಗೆ ಕಾರಣ ನೀರೇ. ನದಿ ನೀರಿನಲ್ಲಿ ಕೆಸರಿನ ಕಣ ಜಾಸ್ತಿ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಲೈಟ್ ಹಾಕಿದರೆ ಆ ಕಣಗಳೇ ಹೊಳೆದು ಇನ್ನೂ ಹಾಳು. ಭರತದ (ಸಮುದ್ರದ ಉಬ್ಬರದ) ಕೊನೆಯಲ್ಲಿ, ನೀರು ನಿಂತಂತೆ ಇರುವಾಗ ಪ್ರಯತ್ನಿಸಿ. ಆಗ ಸಮುದ್ರದ ನೀರು ಒಳಗೆ ಬಂದಿರುತ್ತದೆ, ಕೆಸರೂ ಸ್ವಲ್ಪ ತಳಕ್ಕೆ ಕೂತಿರುತ್ತದೆ. ಎರೆಯಿಂದ ಕ್ಯಾಮೆರಾ ಒಂದೂವರೆ ಅಡಿ ದೂರ ಇದ್ದರೆ ಸಾಕು. ನಾಲ್ಕಡಿ ಅಂದ್ರೆ ಏನೂ ಕಾಣುವುದಿಲ್ಲ. ನಿಜವಾಗಿ ತಿಳಿನೀರು ಬೇಕಿದ್ದರೆ ಡಿಸೆಂಬರ್-ಜನವರಿಯಲ್ಲಿ ವಾಸ್ಕೋ ಹತ್ತಿರ ಸಮುದ್ರದಲ್ಲಿರುವ ಗ್ರಾಂಡೆ ದ್ವೀಪದ ಕಡೆ ದೋಣಿಯಲ್ಲಿ ಹೋಗಿ.

ಗಾಳದ ದಾರಕ್ಕೇ ಕ್ಯಾಮೆರಾ ಕಟ್ಟಿದ್ದೀರಲ್ಲ, ಅದು ಮಾತ್ರ ಬೇಡ ಮಾರಾಯ್ರೇ! ದೊಡ್ಡ ಚೋಣಕ್ ಮೀನೊಂದು ಎಳೆದರೆ ದಾರ, ಕ್ಯಾಮೆರಾ ಎರಡೂ ಹೋದವು. ಬೇರೆ ಗಟ್ಟಿ ಹಗ್ಗ, ಕೆಳಗೆ ಸೀಸದ ತೂಕ, ಹಿಂದೆ ಬಾಲದಂತೆ ಒಂದು ಪ್ಲಾಸ್ಟಿಕ್ ತುಂಡು. ಬಾಲವಿದ್ದರೆ ಸೆಳೆತಕ್ಕೆ ಗಿರಗಿರ ತಿರುಗುವುದಿಲ್ಲ.

ಬ್ಯಾಟರಿ ಬಾಗಿಲಿನ ರಬ್ಬರ್ ಮೇಲೆ ಮರಳಿನ ಒಂದೇ ಕಾಳಿದ್ದರೂ ನೀರು ನುಗ್ಗುತ್ತದೆ, ಬೆರಳಾಡಿಸಿ ನೋಡಿ. ಕೇಸ್ ಇಲ್ಲದೆ 10 ಮೀಟರ್‌ಗಿಂತ ಕೆಳಗೆ ಬೇಡ. ಮನೆಗೆ ಬಂದಮೇಲೆ ಬಾಗಿಲು ತೆರೆಯದೆ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ.